ಬಾಗಿಲಿಗೊಂದು ಬೆಣೆ

ಜನವರಿ ೧೧

ಅಣ್ಣಾ,

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಿನ್ನ ಹಡಗು ಯಾವ ಬಂದರಿನಲ್ಲಿರುತ್ತದೋ ದೇವರೇ ಬಲ್ಲ. ಫೋನ್ ಸಿಕ್ಕಾಗಲೆಲ್ಲ ನೀನು ಕೇಳುವುದು ಒಂದೇ ಪ್ರಶ್ನೆ, "ಹೇಗಿದಾಳೆ?" ನಾನು ಹೇಳುವುದು ಒಂದೇ ಉತ್ತರ, "ಪರವಾಗಿಲ್ಲ." ಅಷ್ಟರಲ್ಲಿ ಲೈನು ಕಟ್ಟಾಗುತ್ತದೆ. ನಿನ್ನ ಮಗಳಂತೂ ಫೋನ್ ಕೈಗೆ ಕೊಟ್ಟರೆ ಮೂಕಿಯಾಗುತ್ತಾಳೆ. ಅದಕ್ಕೇ ಬರೆಯಲು ಕೂತೆ.

ಹಾಸ್ಟೆಲ್ ಕಟ್ಟಡ ಕುಸಿದ ದಿನ ಸ್ನಾನದ ಮನೆಯ ಬಾಗಿಲು ಸಿಕ್ಕಿಕೊಂಡು ಅವಳು ಬೆಳಗಿನಿಂದ ಸಂಜೆಯವರೆಗೆ ಕತ್ತಲಲ್ಲಿ ನಿಂತಿದ್ದಳಲ್ಲ, ಆಮೇಲೆ ಮುಚ್ಚಿದ ಬಾಗಿಲು ಕಂಡರೆ ಉಸಿರೇ ಆಡುವುದಿಲ್ಲ ಎಂದು ನಿನಗೆ ಗೊತ್ತು. ನಾನು ಏನು ಮಾಡಿದೆ ಎಂಬುದು ಗೊತ್ತಿಲ್ಲ. ಅವಳನ್ನು ಇಲ್ಲಿಗೆ ಕರೆತಂದ ವಾರವೇ ಮನೆಯೊಳಗಿನ ಬಾಗಿಲುಗಳನ್ನೆಲ್ಲ ಕೀಲಿನಿಂದ ಬಿಚ್ಚಿ ಕಾರ್ಖಾನೆಯ ಗೋಡೆಗೆ ಒರಗಿಸಿಟ್ಟೆ. ಬಾಗಿಲು ಮಾಡಿ ಹೊಟ್ಟೆ ಹೊರೆಯುವವಳ ಮನೆಯಲ್ಲಿ ಒಂದೂ ಬಾಗಿಲಿಲ್ಲ, ನಗಬೇಡ. ಬೀದಿಬಾಗಿಲಿಗೆ ಮಾತ್ರ ಬೇರೆ ದಾರಿಯಿರಲಿಲ್ಲ. ಅದರ ಮೇಲಿನ ಅರ್ಧ ಕತ್ತರಿಸಿ, ಹೊರಗಿನ ಬೆಳಕು ಕಾಣುವ ಹಾಗೆ ಕಂಬಿ ಕೂರಿಸಿದ್ದೇನೆ. ಸ್ನಾನದ ಮನೆಗೆ ದಪ್ಪ ಪರದೆ. ನಮ್ಮ ಪಾಲಿಶ್ ತಾತ ಈಗ ಮನೆಯೊಳಗೆ ಬರಬೇಕಾದರೆ ಬೀದಿಯಿಂದಲೇ ಕೆಮ್ಮಲು ಶುರು ಮಾಡುತ್ತಾನೆ.

ಹೊರಗೆ ಹೋಗುವಾಗ ಏನು ಮಾಡುವುದು? ಊರಿನ ಬಾಗಿಲುಗಳನ್ನೆಲ್ಲ ಬಿಚ್ಚಲಾಗುತ್ತದೆಯೇ? ಒಂದು ಗಟ್ಟಿ ಮರದ ತುಂಡನ್ನು ಕೀಸಿ ಬೆಣೆ ಮಾಡಿಕೊಟ್ಟೆ. ಯಾವಾಗಲೂ ಜೇಬಿನಲ್ಲಿರುತ್ತದೆ. ಅಂಗಡಿ, ಗ್ರಂಥಾಲಯ, ಡಾಕ್ಟರಮ್ಮನ ಕೋಣೆ, ಎಲ್ಲಿ ಹೋದರೂ ಮೊದಲು ಬಗ್ಗಿ ಬಾಗಿಲ ಕೆಳಗೆ ಬೆಣೆ ಸಿಕ್ಕಿಸುತ್ತಾಳೆ, ಆಮೇಲೆ ನಮಸ್ಕಾರ ಹೇಳುತ್ತಾಳೆ.

ಈಗ ಸಮಾಚಾರ. ನಿನ್ನೆ ಊಟ ಮಾಡುತ್ತಿರುವಾಗ ತಾನಾಗಿಯೇ ಹೇಳಿದಳು, "ಅತ್ತೆ, ಉಗ್ರಾಣದ ಬಾಗಿಲು ಹಾಕ್ಬಿಡು. ಅಲ್ಲಿ ಇಲಿ ನುಗ್ತಿದೆ. ನಾನಂತೂ ಅದರೊಳಗೆ ಹೋಗಲ್ಲ."

ನಾನು ಕೆಲಸವನ್ನೆಲ್ಲ ನಿಲ್ಲಿಸಿಬಿಟ್ಟೆ. ಗಿರಾಕಿಯ ಕಿಟಕಿ ಯಾವಾಗ ಬೇಕಾದರೂ ಆಗಲಿ! ಡಾಕ್ಟರಮ್ಮ ಹೇಳಿದ್ದರು, "ಅವಳು ಒಂದು ಹೆಜ್ಜೆ ಇಟ್ರೆ ಸುಮ್ನೆ ಬಿಡ್ಬೇಡಿ, ಅವಳಿಗೂ ಕಾಣೋ ಹಾಗೆ ಗುರುತಿಸಿ." ಬಡಗಿಗಳಿಗೆ ಗೊತ್ತಿರುವ ರೀತಿಯಲ್ಲಿ ಗುರುತಿಸಿದೆವು. ನಾನೊಂದು ಸ್ಕ್ರೂ ತಿರುಗಿಸಿದೆ, ತಾತ ಒಂದು, ಕಾರ್ಖಾನೆಯಲ್ಲಿ ಗರಗಸ ನಡೆಸುವ ಅಕ್ಕ ಒಂದು. ಕೊನೆಯದು ಅವಳಿಗೆ. ನಾಲಿಗೆಯ ತುದಿ ಹೊರಗಿಟ್ಟುಕೊಂಡು ತಿರುಗಿಸಿದಳು, ನೀನು ಇಂಜಿನ್ ಬಿಚ್ಚುವಾಗ ಮಾಡುತ್ತೀಯಲ್ಲ, ಥೇಟ್ ಹಾಗೇ. ಆಮೇಲೆ ಮರದ ಹೊಟ್ಟಿನ ಮೇಲೆಯೇ ಕೂತು ಬ್ರೆಡ್ಡು, ಬೆಣ್ಣೆ, ಜಾಮು ತಿಂದೆವು. ಇಲಿಯೊಂದನ್ನು ಬಿಟ್ಟು ಎಲ್ಲರಿಗೂ ಸಂತೋಷ.

ನಿನ್ನ ತಂಗಿ

ಫೆಬ್ರವರಿ ೨೦

ತಂಗೀ,

ನಿನ್ನ ಕಾಗದ ಮೂರು ಬಂದರು ಅಲೆದು ಸಿಕ್ಕಿತು. ಇಂಜಿನ್ ಕೋಣೆಯಲ್ಲೇ ಓದಿದೆ, ಎಣ್ಣೆ ಕೈಯಲ್ಲೇ. ಉಗ್ರಾಣದ ಬಾಗಿಲಿಗೆ ಇಷ್ಟೊಂದು ಸಂಭ್ರಮವೇ ಎಂದು ಮೊದಲು ನಗು ಬಂತು. ಎರಡನೇ ಸಲ ಓದುವಾಗ ನಗು ಬರಲಿಲ್ಲ. ನಮ್ಮ ಅಡುಗೆಯವನಿಗೆ ಹೇಳಿದೆ. ಅವನು ಏನೂ ಅರ್ಥವಾಗದಿದ್ದರೂ ಎಲ್ಲರಿಗೂ ಸಿಹಿ ಹಂಚಿದ.

ನನ್ನ ಕೋಣೆಯ ಬಾಗಿಲಿನ ಕಥೆಯನ್ನೂ ಕೇಳು. ಹಡಗು ಸ್ವಲ್ಪ ವಾಲಿದರೆ ಸಾಕು, ಚೌಕಟ್ಟಿಗೆ ಕಟಕಟ ಬಡಿದುಕೊಳ್ಳುತ್ತದೆ. ಕಾಗದ ಮಡಚಿ ಇಟ್ಟೆ, ಬಟ್ಟೆ ತುರುಕಿದೆ, ಯಾವುದಕ್ಕೂ ಜಗ್ಗುವುದಿಲ್ಲ. ಹಡಗಿನ ಇಂಜಿನನ್ನೇ ಪಳಗಿಸಿದವನಿಗೆ ಒಂದು ಬಾಗಿಲು ಬಗ್ಗುತ್ತಿಲ್ಲ ಎಂದರೆ ನೀನು ನಗುತ್ತೀಯ.

ಜೂನಿನಲ್ಲಿ ಶಾಲೆಗಳು ಶುರುವಾಗುತ್ತವೆ. ಒಳ್ಳೆಯ ವಸತಿ ಶಾಲೆಯೊಂದರ ಬಗ್ಗೆ ವಿಚಾರಿಸುತ್ತಿದ್ದೇನೆ. ಅಷ್ಟರೊಳಗೆ ಸರಿಹೋದರೆ ಅವಳಿಗೆ ವರ್ಷ ಹಾಳಾಗುವುದಿಲ್ಲ. ಮರಿಗೆ ಇದನ್ನು ಓದಿ ಹೇಳು: ಮನೆಯ ಎಲ್ಲ ಬಾಗಿಲೂ ಕೂತ ದಿನ ಅಪ್ಪ ರಜೆ ಹಾಕಿ ಓಡಿ ಬರುತ್ತಾನೆ. ಪ್ರಮಾಣ ಮಾಡಿ ಹೇಳುತ್ತಿದ್ದೇನೆ.

ನಿನ್ನ ಅಣ್ಣ

ಮಾರ್ಚ್ ೧೬

ಅಣ್ಣಾ,

ಹೊರಡು! ಎಲ್ಲ ಬಾಗಿಲೂ ಕೂತವು!

ನಿನ್ನ ಕಾಗದ ಓದಿ ಹೇಳಿದ ಮಾರನೆಯ ದಿನವೇ ಬಂದು, "ಅತ್ತೆ, ಅಡುಗೆ ಮನೇದು ಹಾಕೋಣ" ಅಂದಳು. ಅದಾದ ಮೇಲೆ ನನ್ನ ಕೋಣೆಯದು. ಅದಾದ ಮೇಲೆ, "ಮಿಕ್ಕಿದ್ದೂ ಇವತ್ತೇ ಹಾಕ್ಬಿಡೋಣ, ನಂಗೇನೂ ಆಗಲ್ಲ." ನಾನು ಕೀಲು ಹಿಡಿದು ಓಡಾಡಿದ್ದೇ ಓಡಾಡಿದ್ದು. ತಾತ ಒಂದೊಂದು ಬಾಗಿಲಿಗೂ ಹೊಸದಾಗಿ ಪಾಲಿಶ್ ಎಳೆದ. ದೊಡ್ಡ ಕೇಕು ತರಿಸಿದೆ. ಅಕ್ಕಪಕ್ಕದ ಅಂಗಡಿಯವರೂ ಬಂದು ಚಪ್ಪಾಳೆ ತಟ್ಟಿದರು. ಮರಿ ಎಲ್ಲರಿಗೂ ನಗುನಗುತ್ತಾ ಕೇಕು ಕೊಟ್ಟಳು. ನನ್ನ ಹೆಮ್ಮೆ ಎದೆಯಲ್ಲಿ ಹಿಡಿಯುತ್ತಿಲ್ಲ.

ಉಳಿದದ್ದು ನೀನು ಬಂದ ಮೇಲೆ.

ತಂಗಿ

ಮಾರ್ಚ್ ೨೩

ಅಣ್ಣಾ,

ಹಿಂದಿನ ಕಾಗದ ಇನ್ನೂ ದಾರಿಯಲ್ಲಿರಬಹುದು. ಬಂದರೆ ಹರಿದು ಹಾಕು.

ಕೇಕು ತಿಂದ ಮಾರನೆಯ ಬೆಳಿಗ್ಗೆ ಅವಳ ಹಾಸಿಗೆ ಖಾಲಿಯಿತ್ತು. ಹಿತ್ತಲಲ್ಲಿ ಹಲಗೆ ಒಣಗಿಸುವ ತಗಡಿನ ಚಪ್ಪರದ ಕೆಳಗೆ, ಗೋಣಿ ಹೊದ್ದು ಕೂತಿದ್ದಳು. ಬೆಣೆ ಕೈಯಲ್ಲೇ ಇತ್ತು. ಒಳಗೆ ಬಾ ಅಂದರೆ ತಲೆಯಾಡಿಸುತ್ತಾಳೆ, ಕಾಲು ಬರುವುದಿಲ್ಲ. ನಾನೂ ಪಕ್ಕದಲ್ಲಿ ಹೋಗಿ ಕೂತೆ. ಬೆಣೆ ತಿರುಗಿಸುತ್ತಾ ಹೇಳಿದಳು, "ಎಲ್ಲಾ ಮುಗಿದ್ರೆ ಅಪ್ಪ ಬರ್ತಾನಂತಲ್ಲ ಅತ್ತೆ. ಅದಕ್ಕೆ ಮುಗಿಸ್ಬಿಟ್ಟೆ."

ನೀನು ಪ್ರೀತಿಯಿಂದ ಹೇಳಿದ ಮಾತು, ನಾನು ಪ್ರೀತಿಯಿಂದ ತಂದ ಕೇಕು, ಎರಡೂ ಸೇರಿ ಹುಡುಗಿಯ ಬೆನ್ನ ಮೇಲೆ ಮೂಟೆಯಾಗಿ ಕೂತಿವೆ. ಡಾಕ್ಟರಮ್ಮ ಬೈಯಲಿಲ್ಲ. "ಸಂತೋಷ ಪಡಿ, ಧಾರಾಳವಾಗಿ ಪಡಿ. ಆದ್ರೆ ಮುಂದಿನದು ಯಾವಾಗ ಅಂತ ಕಾಯೋ ಮುಖ ಮಾಡ್ಕೊಂಡು ನಿಲ್ಬೇಡಿ" ಅಂದರು. ನನ್ನ ಮುಖ ಅವರಿಗೆ ಹೇಗೆ ಗೊತ್ತಾಯಿತೋ!

ಕೀಲು ಬಿಚ್ಚಲು ಹೊರಟೆ. ಅಡುಗೆಮನೆಯದು ಬಿಚ್ಚಿದೆ, ಕೋಣೆಗಳದ್ದು ಬಿಚ್ಚಿದೆ. ಉಗ್ರಾಣದ ಮುಂದೆ ಸ್ಕ್ರೂ ಡ್ರೈವರ್ ಹಿಡಿದು ನಿಂತಾಗ ಹಿತ್ತಲಿಂದ ಕೂಗಿದಳು, "ಅದು ಇರಲಿ ಅತ್ತೆ! ಅದು ನಿಜವಾಗ್ಲೂ ನಂದು."

ನೋಡು ಅಣ್ಣಾ, ಅಂಥ ಹೊತ್ತಿನಲ್ಲೂ ಯಾವುದು ತನ್ನದು, ಯಾವುದು ನಮಗೋಸ್ಕರ ಮಾಡಿದ್ದು ಎಂದು ಆ ಹುಡುಗಿಗೆ ಗೊತ್ತಿತ್ತು. ನನಗೆ ಈ ವಯಸ್ಸಿನಲ್ಲೂ ಅಷ್ಟು ಗೊತ್ತಾಗುವುದಿಲ್ಲ. ಹದಿನಾರು ವರ್ಷದ ನಿನ್ನ ಮಗಳಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ನೀನು ಯಾವಾಗ ಬೇಕಾದರೂ ಬಾ. ಬಾಗಿಲಿಗೂ ಅದಕ್ಕೂ ಗಂಟು ಹಾಕಬೇಡ, ಅಷ್ಟೇ.

ತಂಗಿ

ಏಪ್ರಿಲ್ ೧೯

ತಂಗೀ,

ಎರಡು ಕಾಗದವೂ ಒಂದೇ ದಿನ ಕೈಗೆ ಬಂದವು. ಮೊದಲನೆಯದನ್ನು ಓದಿ ಕುಣಿದಾಡಿದೆ, ರಜೆಯ ಅರ್ಜಿಯನ್ನೂ ಕೊಟ್ಟೆ. ಆಮೇಲೆ ಎರಡನೆಯದನ್ನು ಒಡೆದೆ.

ಮಗಳನ್ನು ನೋಡಲು ಬರುತ್ತೇನೆ ಎಂದದ್ದೇ ತಪ್ಪಾಯಿತು. ಆಗಲಿ. ನೀನು ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದೀಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳಿದಾಗ ಬಾಗಿಲು ಹಾಕುವುದು, ಕೇಳಿದಾಗ ಬಿಚ್ಚುವುದು, ಇದು ಎಲ್ಲಿಯವರೆಗೆ? ಲೋಕದ ತುಂಬ ಬಾಗಿಲುಗಳೇ ಇವೆ. ವಸತಿ ಶಾಲೆಯಲ್ಲಿ ಸೀಟು ಹಿಡಿದಿದ್ದೇನೆ. ಮೇ ತಿಂಗಳ ಕೊನೆಗೆ ಬಂದು ನಾನೇ ಬಿಟ್ಟುಬರುತ್ತೇನೆ. ಶಿಸ್ತಿನಲ್ಲಿ ನಾಲ್ಕು ಜನ ಮಕ್ಕಳ ಜೊತೆ ಇದ್ದರೆ ತಾನಾಗಿಯೇ ಸರಿಹೋಗುತ್ತಾಳೆ. ಅವಳಿಗೆ ಈಗಲೇ ಹೇಳಬೇಡ, ನಾನೇ ಹೇಳುತ್ತೇನೆ.

ನಿನ್ನ ಅಣ್ಣ

ಮೇ ೬

ಅಣ್ಣಾ,

ನಿನಗೆ ಸಿಟ್ಟು ಬಂದಿದೆ. ನಿನ್ನ ಅಕ್ಷರ ಉದ್ದುದ್ದ ಆದಾಗಲೇ ನನಗೆ ಗೊತ್ತಾಗುತ್ತದೆ. ಶಾಲೆಯ ವಿಷಯ ಹೇಳಿಲ್ಲ. ನೀನು ಬಂದ ದಿನವೇ ಅದನ್ನು ಎತ್ತಬೇಡ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಅಲ್ಲಿಯ ಕೋಣೆಗಳಿಗೆ ರಾತ್ರಿ ಹೊರಗಿನಿಂದ ಬೀಗ ಹಾಕುತ್ತಾರಂತೆ, ನಾನು ವಿಚಾರಿಸಿದ್ದೇನೆ. ಈಗ ಕಳಿಸಿದರೆ ಇಷ್ಟು ತಿಂಗಳು ಒಂದೊಂದೇ ಹಿಡಿದು ಕಟ್ಟಿದ್ದೆಲ್ಲ ಒಂದೇ ದಿನದಲ್ಲಿ ಮುರಿದುಬೀಳುತ್ತದೆ. ಆಮೇಲೆ ಯಾವ ಬಡಗಿಯೂ ಅದನ್ನು ರಿಪೇರಿ ಮಾಡಲಾರಳು.

ಇಲ್ಲಿ ನಾವು ಸುಮ್ಮನಿರುವುದನ್ನು ಕಲಿಯುತ್ತಿದ್ದೇವೆ. ಅಡುಗೆಮನೆಯ ಬಾಗಿಲು ಮತ್ತೆ ಕೂತಿತು, ಅವಳಾಗೇ ಕೇಳಿದ ಮೇಲೆ. ಬ್ರೆಡ್ಡು ಬೆಣ್ಣೆ ತಂದದ್ದೂ ಅವಳು ಹೇಳಿದ ಮೇಲೆಯೇ. ತಾತನಿಗೆ ಚಪ್ಪಾಳೆ ತಟ್ಟಬೇಡ ಎಂದಿದ್ದೆ, ಪಾಪ, ಕೈ ಎರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ.

ಕಳೆದ ವಾರ ತನ್ನ ಕೋಣೆಯ ಬಾಗಿಲು ಕೇಳಿದಳು. ಹಳೆಯದು ಬೇಡವಂತೆ, ಹೊಸದೇ ಬೇಕಂತೆ. ಮರ ಅವಳೇ ಆರಿಸಿದಳು, ಅರ್ಧ ಕೀಸಿದ್ದೂ ಅವಳೇ. ಒಳಗಡೆ ಚಿಲಕ ಬೇಡವೇ ಅಂದರೆ, "ಇರಲಿ ಅತ್ತೆ. ಹಾಕ್ತೀನಿ ಅಂತಲ್ಲ, ಬಾಗಿಲು ಅಂದ್ಮೇಲೆ ಚಿಲಕ ಇರ್ಬೇಕಲ್ವಾ" ಅಂದಳು. ಹಗಲೂ ರಾತ್ರಿ ಬೆಣೆ ಅದರ ಕೆಳಗೇ ಇರುತ್ತದೆ. ಈ ಸಲ ಕೊನೆಯ ಸ್ಕ್ರೂ ಹಾಕಲಿಲ್ಲ. "ಇದನ್ನ ನಾನಾಗೇ ಮುಚ್ಚಿದ ದಿನ ಹಾಕೋಣ. ಅಲ್ಲಿವರೆಗೂ ಮುಗೀಲಿಲ್ಲ ಅಂತ ಲೆಕ್ಕ." ಸ್ಕ್ರೂ ಡಬ್ಬಿಯಲ್ಲಿದೆ. ನಾನು ಆ ಡಬ್ಬಿಯ ಕಡೆ ನೋಡುವುದೂ ಇಲ್ಲ. ಸುಳ್ಳು, ದಿನಾ ನೋಡುತ್ತೇನೆ. ಅವಳಿಗೆ ಕಾಣದ ಹಾಗೆ ನೋಡುತ್ತೇನೆ.

ತಂಗಿ

ಜೂನ್ ೨

ತಂಗೀ,

ಹಡಗಿನಿಂದ ಕರೆ ಬಂತು ಎಂದು ಹೇಳಿ ಹೊರಟೆನಲ್ಲ, ಸುಳ್ಳು. ನನ್ನ ರಜೆ ಇನ್ನೂ ಒಂದು ವಾರವಿತ್ತು. ಬಂದರಿನ ಹತ್ತಿರ ಒಂದು ವಸತಿಗೃಹದಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲ ಎರಡು ದಿನ ಎಷ್ಟು ಚೆನ್ನಾಗಿತ್ತು. ನಕ್ಕಳು, ಚಹಾ ಮಾಡಿಕೊಟ್ಟಳು, ಕೀಸುಳಿ ಹಿಡಿಯುವುದು ಹೇಗೆ ಎಂದು ನನಗೇ ಪಾಠ ಹೇಳಿದಳು. ಎಲ್ಲ ಸರಿಯಾಗಿಯೇ ಇದೆ, ನೀನು ಸುಮ್ಮನೆ ಹೆದರಿಸಿದ್ದೀಯ ಅನ್ನಿಸಿತು. ಮೂರನೆಯ ದಿನ ನೀನು ಕಿಟಕಿ ಕೂರಿಸಲು ಹೋಗಿದ್ದಾಗ ಶಾಲೆಯ ವಿಷಯ ತೆಗೆದೆ. "ನಾನು ಹೋಗಲ್ಲ ಅಪ್ಪ" ಅಂದಳು. ನಾನು ಸಮಾಧಾನದಿಂದಲೇ ಹೇಳಿದೆ. ಮತ್ತೆ, "ಹೋಗಲ್ಲ." ನನಗೂ ರೇಗಿತು. "ಅತ್ತೆ ತಲೆ ಮೇಲೆ ಎಷ್ಟು ದಿನ ಅಂತ ಕೂತಿರ್ತೀಯಾ?" ಅಂದುಬಿಟ್ಟೆ.

ಮುಖ ಕೆಂಪಾಯಿತು. ಎದ್ದು ಕೋಣೆಗೆ ನಡೆದಳು. ನೀನು ಮಾಡಿಕೊಟ್ಟ ಬೆಣೆಯನ್ನು ಕಾಲಿನಿಂದ ಒದ್ದಳು, ಅದು ಅಡುಗೆಮನೆಯವರೆಗೂ ಜಾರಿಹೋಯಿತು. ಬಾಗಿಲನ್ನು ನನ್ನ ಮೂಗಿನ ಮೇಲೆ ಧಡ್ ಎಂದು ಹಾಕಿಕೊಂಡು ಒಳಗಿನಿಂದ ಚಿಲಕ ಜಡಿದಳು. ನನ್ನ ಮುಖಕ್ಕೆ, ತಂಗೀ! ತಟ್ಟಿದೆ, ಕರೆದೆ. "ಹೋಗಪ್ಪಾ, ನಾನೀಗ ಸಿಟ್ಟಲ್ಲಿದೀನಿ!" ಎಂದು ಒಳಗಿಂದಲೇ ಕೂಗಿದಳು. ನಾನು ಬಟ್ಟೆ ಜೋಡಿಸಿಕೊಳ್ಳುವವರೆಗೂ ತೆಗೆಯಲಿಲ್ಲ. ನೀನು ಬಂದಾಗ ನಾನು ಬೀದಿಯಲ್ಲಿದ್ದೆ.

ಅಪ್ಪ ಬೇಡವಾದನೆಂದು ಅರ್ಥವಾಯಿತು. ಶಾಲೆಯ ಸೀಟಿಗೆ ಹದಿನೈದನೆಯ ತಾರೀಕಿನವರೆಗೆ ಸಮಯವಿದೆ. ಕಳಿಸುವುದು ಬಿಡುವುದು ನಿನಗೆ ಸೇರಿದ್ದು. ನನ್ನನ್ನು ಕೇಳಬೇಡ.

ಅಣ್ಣ

ಜೂನ್ ೧೦

ಅಯ್ಯೋ ಅಣ್ಣಾ! ಮಂಕೇ! ನಿನ್ನ ಸಿಟ್ಟಿಗೆ ಬೆಂಕಿ ಹಾಕ!

ನೀನು ಏನು ಬರೆದಿದ್ದೀಯ ಎಂದು ನಿನಗೇ ಗೊತ್ತಿದೆಯೇ? ಇನ್ನೊಂದು ಸಲ ಓದಿಕೋ. ಬೆಣೆ ಒದ್ದಳು. ಬಾಗಿಲು ಹಾಕಿಕೊಂಡಳು. ಚಿಲಕ ಜಡಿದಳು. ಯಾರು? ನಿನ್ನ ಮಗಳು!

ನಾನು ಮನೆಗೆ ಬಂದಾಗ ಕೋಣೆ ತೆರೆದಿತ್ತು, ಅವಳ ಕಣ್ಣು ಊದಿತ್ತು. ಅಪ್ಪ ಮಗಳು ಜಗಳವಾಡಿದ್ದೀರಿ ಎಂದುಕೊಂಡೆ, ಕೆದಕಲಿಲ್ಲ. ಬೆಣೆ ಅಡುಗೆಮನೆಯ ಮೂಲೆಯಲ್ಲಿ ಸಿಕ್ಕಿತು, ಯಾರದೋ ಕಾಲಿಗೆ ತಗುಲಿರಬೇಕು ಎಂದು ವಾಪಸು ಇಟ್ಟೆ. ಇವತ್ತು ನಿನ್ನ ಕಾಗದವನ್ನು ಕಾರ್ಖಾನೆಯಲ್ಲಿ ತಾತನಿಗೆ ಓದಿ ಹೇಳುತ್ತಿದ್ದೆ. ಚಿಲಕದ ಮಾತನ್ನು ಎರಡು ಸಲ ಓದಿದೆ. ತಾತ ಪಾಲಿಶ್ ಡಬ್ಬಿಯನ್ನು ಹೊಸ ಮೇಜಿನ ಮೇಲೆ ಬೀಳಿಸಿದ. ಹಾಳಾಗಿ ಹೋಗಲಿ ಮೇಜು.

ಒಳಗೆ ಓಡಿದೆ. "ಅವತ್ತು ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡಾಗ ಚಿಲಕ ಹಾಕಿದ್ಯಾ?"

"ಹಾಕಿದ್ನಾ?" ಅಂದಳು. ಎದ್ದು ಹೋಗಿ ಬಾಗಿಲ ಮುಂದೆ ನಿಂತಳು. ಚಿಲಕವನ್ನು ಮುಟ್ಟಿ ನೋಡಿದಳು. "ಹಾಕಿದ್ದೆ ಅತ್ತೆ! ಹಾಕ್ಕೊಂಡು ಮಂಚದ ಮೇಲೆ ಬಿದ್ಕೊಂಡು ಅಪ್ಪನ್ನ ಬೈತಾ ಇದ್ದೆ. ಭಯಾನೇ ಆಗ್ಲಿಲ್ಲ. ಸಿಟ್ಟೇ ಅಷ್ಟಿತ್ತು, ಭಯಕ್ಕೆ ಜಾಗಾನೇ ಇರ್ಲಿಲ್ಲ." ಆಮೇಲೆ ಕೂತು ನಕ್ಕಳು, ಅತ್ತಳು, ಎರಡನ್ನೂ ಬೆರೆಸಿ. ನಾನೂ ಅದನ್ನೇ ಮಾಡಿದೆ.

ಸಾಯಂಕಾಲ ಇನ್ನೊಮ್ಮೆ ಹಾಕಿ ನೋಡಿದಳು. ಸಿಟ್ಟಿಲ್ಲದೆ ಸ್ವಲ್ಪ ಕಷ್ಟವಂತೆ. ರೇಡಿಯೋದಲ್ಲಿ ಒಂದು ಹಾಡು ಮುಗಿಯುವುದರೊಳಗೆ ಹೊರಗೆ ಬಂದಳು. ಆದರೆ ಬೆವರಿರಲಿಲ್ಲ. ಮತ್ತೆ ಹಾಕುತ್ತಾಳೋ ಇಲ್ಲವೋ ನಾನು ಕೇಳುವುದಿಲ್ಲ.

ಅಪ್ಪ ಬೇಡವಾದ ಎಂದು ಬರೆದಿದ್ದೀಯಲ್ಲ. ಬೇಡವಾದವರ ಮೇಲೆ ಯಾರಾದರೂ ಹಾಗೆ ಸಿಟ್ಟು ಮಾಡುತ್ತಾರೆಯೇ? ಇಷ್ಟು ತಿಂಗಳಲ್ಲಿ ಅವಳು ನನ್ನ ಮೇಲೆ ಒಂದು ಸಲವೂ ದನಿ ಎತ್ತಿಲ್ಲ, ಏನು ಹೇಳಿದರೂ ಸರಿ ಸರಿ. ನನಗೆ ಅದೇ ದಿಗಿಲಾಗಿತ್ತು. ನಿನ್ನ ಮುಂದೆ ಬಾಗಿಲು ಬಡಿದರೂ ನೀನು ಅಪ್ಪನಾಗಿಯೇ ಇರುತ್ತೀಯ ಎಂಬ ಧೈರ್ಯ ಅವಳಿಗೆ ಇತ್ತು. ಸೀಟಿನ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಅವಳ ಕಾಗದ ಈ ಪೊಟ್ಟಣದಲ್ಲೇ ಇದೆ, ನಾನು ಓದಿಲ್ಲ.

ನಿನ್ನ ತಂಗಿ

ಜೂನ್ ೧೦

ಅಪ್ಪಾ,

ನಿನ್ನ ಮೂಗಿಗೆ ಪೆಟ್ಟಾಯಿತಾ? ಆಗಿದ್ದರೆ ಕ್ಷಮಿಸು. ಬಾಗಿಲು ಹಾಕಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ, ಅತ್ತೆ ಕೇಳಬೇಡ ಎಂದಿದ್ದಾಳೆ, ನನಗೂ ಹಾಗೇ ಅನ್ನಿಸುತ್ತದೆ.

ನಾನು ಶಾಲೆಗೆ ಹೋಗುತ್ತೇನೆ. ಇಲ್ಲಿಂದ ನಡೆದು ಹೋಗಬಹುದಾದ ಶಾಲೆಗೆ. ಮೊನ್ನೆ ಹೋಗಿ ತರಗತಿಯ ಬಾಗಿಲು ನೋಡಿಕೊಂಡು ಬಂದೆ. ಒಳಗಿನಿಂದ ತೆಗೆಯಬಹುದು. ಬೀಗ ಹಾಕುವ ಶಾಲೆಗೆ ಈಗ ಆಗುವುದಿಲ್ಲ. ಮುಂದೆ ಯಾವತ್ತಾದರೂ ಆಗುತ್ತದೋ ಏನೋ, ಗೊತ್ತಿಲ್ಲ. ಆದರೆ ನಾನೇ ಹೇಳುತ್ತೇನೆ.

ಈ ಬೆಣೆ ನಿನಗೆ. ನಿನ್ನ ಕೋಣೆಯ ಬಾಗಿಲು ಕಟಕಟ ಅನ್ನುತ್ತದೆ ಎಂದು ಅತ್ತೆಗೆ ಬರೆದಿದ್ದೆಯಲ್ಲ. ದಪ್ಪ ಕಡೆ ಹೊರಗೆ ಬರಬೇಕು, ಕೈಯಿಂದ ಒತ್ತಿದರೆ ಸಾಕು, ಸುತ್ತಿಗೆ ಬೇಡ. ನನಗೆ ಬೇಕಾದರೆ ಇನ್ನೊಂದನ್ನು ನಾನೇ ಕೀಸಿಕೊಳ್ಳುತ್ತೇನೆ, ಈಗ ಬರುತ್ತದೆ. ಇನ್ನೂ ಬೇಕಾಗಿಲ್ಲ.

ಕೊನೆಯ ಸ್ಕ್ರೂ ಡಬ್ಬಿಯಲ್ಲೇ ಇದೆ. ತಾತ ಈಗಲೇ ಹಾಕೋಣ ಎಂದು ಕುಣಿಯುತ್ತಿದ್ದಾನೆ. ನಾನು ಬೇಡವೆಂದೆ. ಅವತ್ತು ಬಾಗಿಲು ಮುಚ್ಚಿದಾಗ ಅಲ್ಲಿ ಇದ್ದವನು ನೀನೊಬ್ಬನೇ.

ಮರಿ

ಜುಲೈ ೧೪

ಮರೀ,

ನಿಮ್ಮ ಪೊಟ್ಟಣ ಬರುವಷ್ಟರಲ್ಲಿ ಹಡಗು ಹೊರಟಿತ್ತು. ಇನ್ನೊಂದು ಬಂದರಿನಲ್ಲಿ ಸಿಕ್ಕಿತು. ಎಷ್ಟು ಸಲ ಓದಿದೆ ಎಂದು ಹೇಳಿದರೆ ನಿನ್ನತ್ತೆ ಆಡಿಕೊಳ್ಳುತ್ತಾಳೆ.

ಬೆಣೆಯ ಅಂಚು ನಿನ್ನ ಜೇಬಿನಲ್ಲಿ ಉಜ್ಜಿ ಉಜ್ಜಿ ನುಣುಪಾಗಿದೆ. ದಪ್ಪ ಕಡೆ ಹೊರಗೆ, ಕೈಯಿಂದಲೇ ಒತ್ತಿದೆ. ಸುತ್ತಿಗೆ ಹಿಡಿದಿದ್ದೆ, ವಾಪಸು ಇಟ್ಟೆ. ಬಾಗಿಲು ಸುಮ್ಮನಾಯಿತು. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ನನಗೆ ನನ್ನದೇ ಉಸಿರು ಕೇಳಿಸಿತು. ಅಲ್ಲೇ ಕೂತು ಅತ್ತುಬಿಟ್ಟೆ. ಇದನ್ನು ಯಾರಿಗೂ ಹೇಳಬೇಡ, ಅತ್ತೆಗೆ ಮಾತ್ರ ಹೇಳು.

ಬಾಗಿಲು ನನ್ನ ಮುಖಕ್ಕೆ ಬಡಿಯಿತು ಎಂದಷ್ಟೇ ನನಗೆ ಕಂಡಿತ್ತು. ಅದರ ಆಚೆ ನೀನು ಎಂಥ ಕೆಲಸ ಮಾಡುತ್ತಿದ್ದೆ ಎಂದು ಕಾಣಲಿಲ್ಲ. ಬಿರುಗಾಳಿಯಲ್ಲಿ ಇಂಜಿನ್ ನಿಲ್ಲದಂತೆ ನೋಡಿಕೊಂಡವರನ್ನು ಕಂಡಿದ್ದೇನೆ, ಅವರೊಡನೆ ಕೆಲಸ ಮಾಡಿದ್ದೇನೆ. ಅವರಲ್ಲಿ ಯಾರೂ ನಿನ್ನಷ್ಟು ಗಟ್ಟಿಗರಲ್ಲ. ಅಪ್ಪನಾಗಿ ಹೇಳುತ್ತಿಲ್ಲ, ಮೆಕ್ಯಾನಿಕ್ ಆಗಿ ಹೇಳುತ್ತಿದ್ದೇನೆ.

ಸೀಟು ಬೇಡವೆಂದು ಬಂದರಿನಿಂದಲೇ, ನಿಮ್ಮ ಕಾಗದ ಬರುವ ಮೊದಲೇ ತಿಳಿಸಿದ್ದೆ. "ಸಿಟ್ಟಲ್ಲಿದೀನಿ" ಎಂಬ ನಿನ್ನ ದನಿ ಕಿವಿಯಿಂದ ಹೋಗಲೇ ಇಲ್ಲ. ಅಷ್ಟು ಗಟ್ಟಿ ದನಿಯ ಹುಡುಗಿಯನ್ನು ಬೀಗದೊಳಗೆ ಇಟ್ಟು ಬರಲು ನನ್ನ ಕೈಲಾಗಲಿಲ್ಲ. ಹೇಳಲು ಬಿಗುಮಾನ ಅಡ್ಡ ಬಂತು.

ಮುಂದಿನ ರಜೆಗೆ ಬರುತ್ತೇನೆ. ನೀನು ಏನು ಮಾಡಿರುತ್ತೀಯೋ, ಏನು ಮಾಡಿರುವುದಿಲ್ಲವೋ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮ್ಮನೆ ಬರುತ್ತೇನೆ. ಸ್ಕ್ರೂ ಡಬ್ಬಿಯಲ್ಲೇ ಇರಲಿ. ತಾತನ ಕೈಗೆ ಸಿಗದ ಹಾಗೆ ಇಡು. ಸ್ಕ್ರೂ ಡ್ರೈವರ್ ನಾನೇ ತರುತ್ತೇನೆ.

ಮನೆಗೆ ಬಂದಾಗ ನಿನ್ನ ಕೋಣೆ ಮುಚ್ಚಿದ್ದರೆ ತಟ್ಟುತ್ತೇನೆ, ಒಂದೇ ಸಲ. ಆಮೇಲೆ ಹೊರಗೆ ನೆಲದ ಮೇಲೆ ಕೂತಿರುತ್ತೇನೆ. ನಿನಗೆ ಬೇಕೆನಿಸಿದಾಗ ತೆಗೆ.

ನಿನ್ನ ಅಪ್ಪ